ಮನೆಯ ವೈಫೈಗೆ ರೂಟರ್ ಆರಿಸುವ ಕ್ರಮ: ಕೊಳ್ಳುವ ಮೊದಲು ಅಳೆಯಬೇಕಾದದ್ದು, ಕೊಂಡ ಮೇಲೆ ನೋಡಬೇಕಾದದ್ದು

ಹೊಸ ರೂಟರ್ ತಂದ ಮೇಲೂ ಒಳಕೋಣೆಯಲ್ಲಿ ನೆಟ್ ಸಿಗುತ್ತಿಲ್ಲ ಎನ್ನುವವರ ಮನೆಗಳಲ್ಲಿ ಹೆಚ್ಚಿನ ಕಡೆ ರೂಟರ್ ಕೆಟ್ಟಿರುವುದಿಲ್ಲ. ಆ ಮನೆಗೋ ಆ ಸಂಪರ್ಕಕ್ಕೋ ಹೊಂದದ ರೂಟರ್ ಬಂದಿರುತ್ತದೆ, ಇಲ್ಲವೇ ಹೊಂದುವ ರೂಟರ್ ತಪ್ಪು ಜಾಗದಲ್ಲಿ ಕುಳಿತಿರುತ್ತದೆ. ಆಂಟೆನಾಗಳನ್ನು ಎಣಿಸಿ, ಡಬ್ಬದ ಮೇಲಿನ ದೊಡ್ಡ ಸಂಖ್ಯೆ ನೋಡಿ ಮೊದಲು ಕೊಂಡುಬಿಟ್ಟು, ಆಮೇಲೆ ಅದಕ್ಕೆ ಮನೆಯಲ್ಲಿ ಜಾಗ ಹುಡುಕುವುದೇ ಈ ತೊಂದರೆಯ ಮೂಲ. ಇಲ್ಲಿನ ಹಂತಗಳಲ್ಲಿ ಅಂಗಡಿಯ ಮಾತು ಬರುವುದು ಬಹಳ ತಡವಾಗಿ. ಮೊದಲ ನಾಲ್ಕು ಹಂತಗಳನ್ನು ಮುಗಿಸಿದ ಕೆಲವರಿಗೆ ಹೊಸ ರೂಟರ್ ಬೇಕಾಗಿಯೇ ಇಲ್ಲ ಎಂದು ತಿಳಿದರೂ ಆಶ್ಚರ್ಯವಿಲ್ಲ.

ಮೊದಲು ಕೈಯಲ್ಲಿ ಇರಬೇಕಾದವು

ಲ್ಯಾನ್ ಪೋರ್ಟ್ ಇರುವ ಒಂದು ಲ್ಯಾಪ್‌ಟಾಪ್ (ಪೋರ್ಟ್ ಇಲ್ಲದಿದ್ದರೆ ಗಿಗಾಬಿಟ್ (1000 ಎಂಬಿಪಿಎಸ್) ಎಂದು ಬರೆದಿರುವ ಯುಎಸ್‌ಬಿ ಲ್ಯಾನ್ ಅಡಾಪ್ಟರ್), ಕ್ಯಾಟ್ 5ಇ ಅಥವಾ ಕ್ಯಾಟ್ 6 ದರ್ಜೆಯ ಗಿಡ್ಡ ಕೇಬಲ್, ವೈಫೈ ಅನಲೈಸರ್ ಬಗೆಯ ಆ್ಯಪ್ ಹಾಕಿಕೊಂಡ ಆಂಡ್ರಾಯ್ಡ್ ಫೋನ್, ಇನ್ನೊಂದು ಫೋನ್, ಮನೆಯ ನಕ್ಷೆ ಬರೆದುಕೊಳ್ಳಲು ಒಂದು ಹಾಳೆ. ಐಫೋನ್ ಮಾತ್ರ ಇರುವವರು ಆ್ಯಪಲ್‌ನದೇ ಆದ ಏರ್‌ಪೋರ್ಟ್ ಯುಟಿಲಿಟಿಯನ್ನು ಹಾಕಿಕೊಂಡು, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅದರ ವೈಫೈ ಸ್ಕ್ಯಾನರ್ ಆಯ್ಕೆಯನ್ನು ತೆರೆದುಕೊಳ್ಳಬೇಕು. ಬೇರೆ ಆ್ಯಪ್‌ಗಳಿಗೆ ಐಫೋನ್ ಈ ಮಾಹಿತಿಯನ್ನು ಕೊಡುವುದಿಲ್ಲ.

## ಹಂತ 1: ದೋಷ ಎಲ್ಲಿದೆ ಎಂದು ಬೇರ್ಪಡಿಸುವುದು

ಫೈಬರ್ ಸಂಪರ್ಕವಿರುವ ಮನೆಯಲ್ಲಿ, ತೆಳುವಾದ ಫೈಬರ್ ತಂತಿ ಬಂದು ಸೇರುವ ಡಬ್ಬಿಗೆ ಒಎನ್‌ಟಿ ಅಥವಾ ಒಎನ್‌ಯು ಎನ್ನುತ್ತಾರೆ. ಮೊದಲು ಅದರ ದೀಪಗಳನ್ನು ನೋಡಬೇಕು. ಲಾಸ್ (LOS) ಎಂದು ಬರೆದಿರುವ ದೀಪ ಕೆಂಪಾಗಿ ಉರಿಯುತ್ತಿದ್ದರೆ ಬೆಳಕಿನ ಸಂಕೇತವೇ ಮನೆಗೆ ಬರುತ್ತಿಲ್ಲವೆಂದು ಅರ್ಥ. ಪಾನ್ (PON) ದೀಪ ನಿಲ್ಲದೆ ಮಿಟುಕುತ್ತಿದ್ದರೆ ಡಬ್ಬಿಯು ಕಂಪನಿಯ ಉಪಕರಣದೊಂದಿಗೆ ನೋಂದಣಿಯಾಗಿಲ್ಲ. ಇವೆರಡಕ್ಕೂ ಮದ್ದು ಅಂಗಡಿಯಲ್ಲಿಲ್ಲ, ಸಂಪರ್ಕ ಕೊಟ್ಟವರಿಗೆ ದೂರು ದಾಖಲಿಸಬೇಕು.

ದೀಪಗಳು ಸರಿಯಿದ್ದರೆ ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ, ಒಎನ್‌ಟಿಯ ಲ್ಯಾನ್ ಪೋರ್ಟಿಗೆ ಕೇಬಲ್ ಹಾಕಿ ವೇಗ ಪರೀಕ್ಷಿಸಬೇಕು. ಬೆಳಿಗ್ಗೆ ಒಮ್ಮೆ, ಮನೆಮನೆಯಲ್ಲಿ ಎಲ್ಲರೂ ವಿಡಿಯೊ ನೋಡುವ ರಾತ್ರಿಯ ಹೊತ್ತಿನಲ್ಲಿ ಒಮ್ಮೆ. ಕೇಬಲ್‌ನಲ್ಲೇ ಪ್ಲಾನಿನ ವೇಗ ಬಾರದಿದ್ದರೆ ಎಷ್ಟು ದುಬಾರಿಯ ರೂಟರ್ ತಂದರೂ ಅದು ವೈಫೈನಲ್ಲಿ ಬರುವುದಿಲ್ಲ.

ಒಂದು ಲಕ್ಷಣವನ್ನು ವಿಶೇಷವಾಗಿ ಗಮನಿಸಬೇಕು. 200 ಅಥವಾ 300 ಎಂಬಿಪಿಎಸ್ ಪ್ಲಾನ್ ಇದ್ದರೂ ಪ್ರತಿ ಸಲವೂ 93–95ರಲ್ಲೇ ನಿಲ್ಲುತ್ತಿದ್ದರೆ, ದಾರಿಯಲ್ಲೆಲ್ಲೋ 100 ಎಂಬಿಪಿಎಸ್‌ನ ಪೋರ್ಟ್ ಅಥವಾ ಕೇಬಲ್ ಇದೆ ಎಂದು ಬಹುಮಟ್ಟಿಗೆ ಹೇಳಬಹುದು. ಲ್ಯಾನ್ ಕೇಬಲಿನ ಪಾರದರ್ಶಕ ಪ್ಲಗ್ ಅನ್ನು ಬೆಳಕಿಗೆ ಹಿಡಿದು ಒಳಗಿನ ತಂತಿಗಳನ್ನು ಎಣಿಸಿ: ಗಿಗಾಬಿಟ್ ವೇಗಕ್ಕೆ ಎಂಟೂ ತಂತಿಗಳು ಬೇಕು, 100ಕ್ಕೆ ನಾಲ್ಕೇ ಸಾಕು. ಕೆಲಸ ಬೇಗ ಮುಗಿಸಲು ನಾಲ್ಕನ್ನೇ ಒತ್ತಿ ಹೋಗಿರುವ ಪ್ಲಗ್‌ಗಳು ಇಂದಿಗೂ ಸಿಗುತ್ತವೆ. ಅಂಥಲ್ಲಿ ಬದಲಿಸಬೇಕಾದದ್ದು ಬರಿಯ ಪ್ಲಗ್.

ಕೊನೆಯದಾಗಿ, ಈಗಿರುವ ವೈಫೈ ಡಬ್ಬಿಯಿಂದ ಎರಡು ಮೀಟರ್ ದೂರದಲ್ಲಿ ನಿಂತು ಫೋನಿನಲ್ಲಿ ವೇಗ ನೋಡಿ. ಕೇಬಲ್‌ನಲ್ಲಿ ಪೂರ್ತಿ ವೇಗ, ಹತ್ತಿರದ ವೈಫೈನಲ್ಲೂ ಪೂರ್ತಿ ವೇಗ, ದೂರದಲ್ಲಿ ಮಾತ್ರ ಕಡಿಮೆ ಎಂದಾದರೆ ಸಮಸ್ಯೆ ಜಾಗದ್ದು. ಹತ್ತಿರದಲ್ಲೇ 30–40 ಎಂಬಿಪಿಎಸ್ ಮಾತ್ರ ಬರುತ್ತಿದ್ದರೆ ಆ ಡಬ್ಬಿ ಬಹುಶಃ ವೈಫೈನ ಎರಡು ಮುಖ್ಯ ಬ್ಯಾಂಡ್‌ಗಳಲ್ಲಿ (ತರಂಗಗಳ ಪಟ್ಟಿಗಳಲ್ಲಿ) ನಿಧಾನದ್ದಾದ 2.4 ಗಿಗಾಹರ್ಟ್ಸ್ ಒಂದನ್ನೇ ಬಲ್ಲದ್ದು, ವೇಗದ್ದಾದ 5 ಗಿಗಾಹರ್ಟ್ಸ್ ಅದಕ್ಕೆ ತಿಳಿಯದು. ಹೊಸ ರೂಟರ್ ನಿಜಕ್ಕೂ ಬೇಕಾಗುವುದು ಇಲ್ಲಿ.

## ಹಂತ 2: ಸಂಪರ್ಕದ ಬಗೆಯನ್ನು ಗುರುತಿಸುವುದು

ಒಎನ್‌ಟಿಗೆ ಫೈಬರ್ ಬರುತ್ತಿದ್ದರೆ, ಅಥವಾ ಅಪಾರ್ಟ್‌ಮೆಂಟಿನ ಮೆಟ್ಟಿಲ ಬಳಿಯ ಪೆಟ್ಟಿಗೆಯಿಂದ ಲ್ಯಾನ್ ಕೇಬಲ್ಲೇ ನೇರವಾಗಿ ಮನೆಯೊಳಗೆ ಬರುತ್ತಿದ್ದರೆ, ಬೇಕಾದದ್ದು ವ್ಯಾನ್ (WAN) ಎಂಬ, ಹೊರಗಿನ ನೆಟ್ ಒಳಬರುವ ಎತರ್ನೆಟ್ ಪೋರ್ಟ್ ಇರುವ ಸಾಮಾನ್ಯ ರೂಟರ್. ದೂರವಾಣಿಯ ತಾಮ್ರದ ತಂತಿಯಲ್ಲಿ ಬ್ರಾಡ್‌ಬ್ಯಾಂಡ್ ಬರುವ ಕಡೆಗಳಿಗೆ ಮಾತ್ರ ಡಿಎಸ್‌ಎಲ್ ಮೋಡೆಮ್ ಸೇರಿರುವ ರೂಟರ್ ಬೇಕು. ನೋಡಲು ಎರಡೂ ಒಂದೇ ತೆರನಾಗಿರುವುದರಿಂದ, ಕಡಿಮೆ ಬೆಲೆಗೆ ಸಿಕ್ಕಿತೆಂದು ಡಿಎಸ್‌ಎಲ್ ರೂಟರ್ ಕೊಂಡು ಫೈಬರ್ ಮನೆಗೆ ತರುವವರಿದ್ದಾರೆ. ಹಿಂಬದಿಯಲ್ಲಿ ಫೋನ್ ತಂತಿ ಹಿಡಿಯುವಷ್ಟು ಕಿರಿದಾದ ತೂತಿದೆಯೇ ಎಂದು ನೋಡುವುದೇ ಸುಲಭದ ಗುರುತು. ಚಾವಣಿಯ ಮೇಲೆ 5ಜಿ ಘಟಕ ಕೂರಿಸುವ ಏರ್‌ಫೈಬರ್ ಸೇವೆಗಳಲ್ಲಿ ಒಳಗಿನ ವೈಫೈ ಪೆಟ್ಟಿಗೆಯನ್ನು ಕಂಪನಿಯೇ ಕೊಡುತ್ತದೆ. ಅಲ್ಲಿ ಹೆಚ್ಚುವರಿ ರೂಟರ್ ಬೇಕೆನಿಸುವುದು ವ್ಯಾಪ್ತಿ ಸಾಲದಿದ್ದಾಗ ಮಾತ್ರ.

ಹೊಸ ರೂಟರ್ ಬಂದಿತೆಂದು ಒಎನ್‌ಟಿಯನ್ನು ಕಿತ್ತಿಡಬಾರದು. ಅದರ ಕ್ರಮಸಂಖ್ಯೆ ಕಂಪನಿಯ ಕಡೆ ನೋಂದಣಿಯಾಗಿರುತ್ತದೆ, ಫೈಬರ್ ಮೇಲಿನ ಸ್ಥಿರ ದೂರವಾಣಿ ಇದ್ದರೆ ಅದೂ ಆ ಡಬ್ಬಿಯಿಂದಲೇ ನಡೆಯುತ್ತಿರುತ್ತದೆ. ಫೈಬರ್ ತಂತಿಯ ಹಸಿರು ತುದಿ ಮತ್ತು ನೀಲಿ ತುದಿಗಳ ಕೊರೆತ ಬೇರೆಬೇರೆಯಾದ್ದರಿಂದ ಒಂದರ ಬದಲು ಇನ್ನೊಂದನ್ನು ಸಿಕ್ಕಿಸುವಂತಿಲ್ಲ. ತಂತಿಯನ್ನು ಬೀರುವಿನ ಹಿಂದೆ ಮಡಿಸಿ ಒತ್ತುವುದೂ ಬೇಡ, ಬಿಚ್ಚಿದ ತುದಿಯನ್ನು ಕಣ್ಣಿನ ನೇರಕ್ಕೆ ಹಿಡಿದು ನೋಡುವುದಂತೂ ಬೇಡವೇ ಬೇಡ.

ಈ ಹಂತದಲ್ಲೇ ಸಂಪರ್ಕ ಕೊಟ್ಟವರಿಗೆ ಫೋನ್ ಮಾಡಿ ನಾಲ್ಕು ವಿಷಯ ಬರೆದಿಟ್ಟುಕೊಳ್ಳಿ: ಪಿಪಿಪಿಒಇ (PPPoE, ಕಂಪನಿಯ ಜಾಲಕ್ಕೆ ಲಾಗಿನ್ ಆಗುವ ವಿಧಾನ) ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್, ವಿಲ್ಯಾನ್ (VLAN, ಒಂದೇ ತಂತಿಯ ಬೇರೆಬೇರೆ ಸೇವೆಗಳನ್ನು ಬೇರ್ಪಡಿಸುವ ಗುರುತು) ಸಂಖ್ಯೆ ಇದೆಯೇ, ಒಎನ್‌ಟಿಯನ್ನು ಬ್ರಿಡ್ಜ್ ಮೋಡ್‌ಗೆ (ತಾನು ರೂಟರಿನ ಕೆಲಸ ಮಾಡದೆ ಸಂಪರ್ಕವನ್ನು ಹಾಗೇ ದಾಟಿಸುವ ಬಗೆಗೆ) ಹಾಕಿಕೊಡುತ್ತಾರೆಯೇ, ಸಂಪರ್ಕವು ಹಳೆಯ ಸಾಧನದ ಮ್ಯಾಕ್ ವಿಳಾಸಕ್ಕೆ (ಸಾಧನದ ಗುರುತಿನ ಸಂಖ್ಯೆಗೆ) ಕಟ್ಟಿಕೊಂಡಿದೆಯೇ. ಕೊನೆಯದನ್ನು ಕೇಳದೆ ಹೊಸ ರೂಟರ್ ಜೋಡಿಸಿ, ಎಲ್ಲ ಸರಿಯಿದ್ದೂ ನೆಟ್ ಬಾರದೆ ಅದನ್ನು ಅಂಗಡಿಗೆ ಹಿಂತಿರುಗಿಸಿದವರು ಕಡಿಮೆಯಿಲ್ಲ. ಸಣ್ಣ ಊರುಗಳ ಕೇಬಲ್‌ನವರ ಸಂಪರ್ಕದಲ್ಲಿ ಇದು ಮೊದಲನೆಯ ಅನುಮಾನವಾಗಿರಬೇಕು.

## ಹಂತ 3: ಮನೆಯನ್ನು ಅಳೆಯುವುದು

ಚದರಡಿ ಲೆಕ್ಕದಲ್ಲಿ ರೂಟರ್ ಆರಿಸುವುದು ನಮ್ಮ ಮನೆಗಳಿಗೆ ಒಗ್ಗುವುದಿಲ್ಲ, ಏಕೆಂದರೆ ಸಂಕೇತವನ್ನು ತಿನ್ನುವುದು ದೂರಕ್ಕಿಂತ ಹೆಚ್ಚಾಗಿ ಗೋಡೆ. ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆಯನ್ನು 5 ಗಿಗಾಹರ್ಟ್ಸ್ ಹೇಗೋ ದಾಟುತ್ತದೆ. ಒಂಬತ್ತು ಇಂಚಿನ ಎರಡು ಗೋಡೆ ಅಡ್ಡ ಬಂದರೆ ಸೊರಗುತ್ತದೆ. ಕಬ್ಬಿಣದ ಸರಳುಗಳ ಆರ್‌ಸಿಸಿ ಚಾವಣಿ, ಹಳೆಯ ಬೆಂಗಳೂರಿನ ಸೈಜುಗಲ್ಲಿನ ಗೋಡೆ, ಕರಾವಳಿಯ ದಪ್ಪ ಮುರಕಲ್ಲಿನ ಗೋಡೆ ಇವುಗಳ ಮುಂದೆ ಬಹುತೇಕ ಸೋಲುತ್ತದೆ. 2.4 ಗಿಗಾಹರ್ಟ್ಸ್ ಹೆಚ್ಚು ದೂರ ನುಸುಳುತ್ತದೆ, ಆದರೆ ನಿಧಾನ, ಜೊತೆಗೆ ಅಕ್ಕಪಕ್ಕದವರ ವೈಫೈ, ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲವೂ ಅದೇ ಹಾದಿಯಲ್ಲಿರುತ್ತವೆ.

ಅಳೆಯುವ ವಿಧಾನ ಹೀಗೆ. ರೂಟರ್ ಇಡಬೇಕೆಂದಿರುವ ಜಾಗದಲ್ಲಿ ಒಂದು ಫೋನ್ ಇಟ್ಟು ಅದರ ಹಾಟ್‌ಸ್ಪಾಟ್ ಅನ್ನು 5 ಗಿಗಾಹರ್ಟ್ಸ್‌ಗೆ ಹಾಕಿ. ಇನ್ನೊಂದು ಫೋನ್ ಹಿಡಿದು ಕೋಣೆ ಕೋಣೆಗೆ ಹೋಗಿ, ಬಾಗಿಲುಗಳನ್ನು ಮುಚ್ಚಿ, ಆ್ಯಪ್ ತೋರಿಸುವ, ಸಂಕೇತದ ಬಲ ಹೇಳುವ ಡಿಬಿಎಂ (dBm) ಸಂಖ್ಯೆಯನ್ನು ನಕ್ಷೆಯಲ್ಲಿ ಬರೆದುಕೊಳ್ಳಿ. ಸಂಖ್ಯೆಗಳು ಋಣಾತ್ಮಕವಾಗಿರುತ್ತವೆ, ಸೊನ್ನೆಗೆ ಹತ್ತಿರವಾದಷ್ಟೂ ಸಂಕೇತ ಬಲವಾದದ್ದು: −50 ಉತ್ತಮ, −67ರವರೆಗೆ ವಿಡಿಯೊ ಕರೆಗೆ ಧೈರ್ಯವಾಗಿ ಕೂರಬಹುದು, −75 ದಾಟಿದರೆ ಕರೆ ಕಡಿಯುತ್ತದೆ, −80ಕ್ಕೆ ಹೆಸರು ಕಾಣುತ್ತದೆ, ಕೆಲಸ ನಡೆಯದು. ಸಾಮಾನ್ಯವಾಗಿ ಫೋನಿನ ಸಂಕೇತ ರೂಟರಿನದಕ್ಕಿಂತ ಕ್ಷೀಣ. ಆದ್ದರಿಂದ ಹಾಟ್‌ಸ್ಪಾಟ್ ತಲುಪಿದ ಕೋಣೆಗೆ ರೂಟರ್ ತಲುಪುತ್ತದೆಂದು ನಂಬಬಹುದು. ಈ ಜಾಗ ಸಾಲದಿದ್ದರೆ ಇನ್ನೊಂದು ಜಾಗದಲ್ಲಿ ಇದನ್ನೇ ಮಾಡಿ ನೋಡಿ. ಹಣ ಖರ್ಚಾಗದ ಈ ಕೆಲಸವನ್ನು ಯಾರೂ ಮಾಡುವುದಿಲ್ಲ ಎಂಬುದೇ ಸೋಜಿಗ.

## ಹಂತ 4: ಸಾಧನಗಳ ಪಟ್ಟಿ

ಮನೆಯಲ್ಲಿರುವ ಫೋನ್, ಲ್ಯಾಪ್‌ಟಾಪ್, ಟಿವಿ, ಕ್ಯಾಮೆರಾ, ಸ್ಮಾರ್ಟ್ ಪ್ಲಗ್, ಪ್ರಿಂಟರ್ ಎಲ್ಲವನ್ನೂ ಬರೆದು, ಯಾವುವು 5 ಗಿಗಾಹರ್ಟ್ಸ್ ಬಲ್ಲವು ಎಂದು ಗುರುತು ಹಾಕಿ. ಕಡಿಮೆ ಬೆಲೆಯ ಕ್ಯಾಮೆರಾ, ಬಲ್ಬು, ಪ್ಲಗ್‌ಗಳಲ್ಲಿ ಹೆಚ್ಚಿನವು 2.4 ಒಂದನ್ನೇ ಬಲ್ಲವು.

ಅಗತ್ಯದ ವೇಗ ಅಂದುಕೊಂಡದ್ದಕ್ಕಿಂತ ಕಡಿಮೆಯೇ ಇರುತ್ತದೆ. ಒಂದು 4ಕೆ ವಿಡಿಯೊ 15ರಿಂದ 25 ಎಂಬಿಪಿಎಸ್ ಬಳಸುತ್ತದೆ, ಎಚ್‌ಡಿ ವಿಡಿಯೊ ಕರೆ ಕೆಲವೇ ಎಂಬಿಪಿಎಸ್. ನಾಲ್ವರಿರುವ ಮನೆಯಲ್ಲಿ 100 ಎಂಬಿಪಿಎಸ್ ಪ್ಲಾನ್ ಇಟ್ಟುಕೊಂಡು 6000 ಎಂದು ಬರೆದ ರೂಟರ್ ಕೊಳ್ಳುವುದು ವ್ಯರ್ಥ ಖರ್ಚು.

## ಹಂತ 5: ಒಂದೇ ರೂಟರೋ, ಮೆಶ್ ಜೋಡಿಯೋ

ಹಂತ 3ರಲ್ಲಿ ಒಂದೇ ಜಾಗದಿಂದ ಬೇಕಾದ ಕೋಣೆಗಳೆಲ್ಲ −67ರ ಒಳಗೆ ಬಂದಿದ್ದರೆ ಒಂದು ರೂಟರ್ ಸಾಕು. ಡ್ಯೂಪ್ಲೆಕ್ಸ್ ಮನೆ, ಉದ್ದನೆಯ ತೊಟ್ಟಿಮನೆ, ಮಹಡಿಯಲ್ಲಿ ಓದುವ ಕೋಣೆ ಇರುವ ಮನೆಗಳಿಗೆ ಸಾಲದು. ಅಲ್ಲಿ ದುಬಾರಿಯ ಒಂದಕ್ಕಿಂತ ಸಾಧಾರಣವಾದ ಎರಡು ಒಳ್ಳೆಯ ಆಯ್ಕೆ. ಆಂಟೆನಾಗಳು ಎಷ್ಟೇ ಇದ್ದರೂ ಪ್ರಸಾರದ ಶಕ್ತಿಗೆ ಕಾನೂನಿನ ಮಿತಿಯಿದೆ, ಮೇಲಾಗಿ ರೂಟರಿನ ದನಿ ಫೋನಿಗೆ ಕೇಳಿಸಿದರಷ್ಟೇ ಸಾಲದು, ಫೋನಿನ ಸಣ್ಣ ದನಿಯೂ ರೂಟರಿಗೆ ಕೇಳಿಸಬೇಕು. ಪೂರ್ತಿ ಕಡ್ಡಿಗಳು ಕಾಣಿಸಿದರೂ ಪುಟ ತೆರೆಯದಿರುವುದಕ್ಕೆ ಇದೂ ಒಂದು ಕಾರಣ.

ಎರಡು ಘಟಕಗಳ ನಡುವೆ ಲ್ಯಾನ್ ಕೇಬಲ್ ಎಳೆಯಲು ಸಾಧ್ಯವಿದ್ದರೆ ಬೇರೆ ಯೋಚನೆಯೇ ಬೇಡ, ಎಳೆಸಿಬಿಡಿ. ಕೇಬಲ್ ಅಸಾಧ್ಯವಾದರೆ ಮೆಶ್, ಅಂದರೆ ತಮ್ಮೊಳಗೆ ವೈಫೈನಲ್ಲೇ ಮಾತಾಡಿಕೊಂಡು ಒಂದೇ ಜಾಲದಂತೆ ನಡೆಯುವ ಘಟಕಗಳು. ಎರಡನೆಯ ಘಟಕವನ್ನು ವೈಫೈ ಸಿಗದ ಕೋಣೆಯಲ್ಲಲ್ಲ, ಸಂಕೇತ ಇನ್ನೂ ಚೆನ್ನಾಗಿರುವ ನಡುದಾರಿಯಲ್ಲಿ ಇಡಬೇಕು. ಪ್ಲಗ್ಗಿಗೆ ಸಿಕ್ಕಿಸುವ ಅಗ್ಗದ ರಿಪೀಟರ್ ಒಂದೇ ಬ್ಯಾಂಡ್‌ನಲ್ಲಿ ಕೇಳಿ ಅದರಲ್ಲೇ ಮತ್ತೆ ಹೇಳುವುದರಿಂದ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಗೇಟಿನ ಕ್ಯಾಮೆರಾಕ್ಕೆ ಪರವಾಗಿಲ್ಲ, ಆನ್‌ಲೈನ್ ತರಗತಿಗೆ ಆಗದು.

ಹೊಸ ಮನೆ ಕಟ್ಟಿಸುತ್ತಿರುವವರು ಪ್ಲಾಸ್ಟರಿಂಗ್‌ಗೆ ಮೊದಲೇ ಪ್ರತಿ ಮಹಡಿಗೂ ಒಂದು ಖಾಲಿ ಪೈಪ್ ಹಾಕಿಸಿಕೊಳ್ಳಲಿ, ಕರೆಂಟಿನ ವೈರುಗಳ ಪೈಪಿನಿಂದ ಬೇರೆಯಾಗಿ. ಕೇಬಲ್ ಕೊಳ್ಳುವಾಗ ಅಪ್ಪಟ ತಾಮ್ರದ್ದೇ ಎಂದು ಕೇಳಿ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿಗೆ ಸಿಸಿಎ ಎನ್ನುತ್ತಾರೆ, ಅದು ಅಗ್ಗ, ಬೇಗ ತುಂಡಾಗುತ್ತದೆ.

## ಹಂತ 6: ಡಬ್ಬದ ಮೇಲಿನ ಬರಹವನ್ನು ಓದುವುದು

ದೊಡ್ಡ ಸಂಖ್ಯೆಯಿಂದ ಆರಂಭಿಸೋಣ. ಎಸಿ1200 ಎಂದರೆ 2.4ರಲ್ಲಿ 300 ಎಂಬಿಪಿಎಸ್, 5ರಲ್ಲಿ 867, ಕೂಡಿಸಿ ಮೇಲಕ್ಕೆ ಸರಿಸಿದ ಸಂಖ್ಯೆ. ಎಎಕ್ಸ್1500 ಎಂದರೆ 300 ಮತ್ತು 1201. ಎಎಕ್ಸ್1800 ಎಂದರೆ 574 ಮತ್ತು 1201. ಎಎಕ್ಸ್3000 ಎಂದರೆ 574 ಮತ್ತು 2402. ಫೋನ್ ಒಂದು ಹೊತ್ತಿಗೆ ಸಾಮಾನ್ಯವಾಗಿ ಒಂದೇ ಬ್ಯಾಂಡ್ ಬಳಸುತ್ತದೆ, ಆದ್ದರಿಂದ ಕೂಡಿಸಿದ ಮೊತ್ತ ಅದಕ್ಕೆ ಸಿಗುವುದಿಲ್ಲ. ಅದಲ್ಲದೆ 2402 ಬರಬೇಕಾದರೆ ಫೋನ್ ಕೂಡ 160 ಮೆಗಾಹರ್ಟ್ಸ್ ಅಗಲದ ಚಾನೆಲ್ (ಬ್ಯಾಂಡಿನೊಳಗಿನ ಹಾದಿ) ಬಲ್ಲದ್ದಾಗಿರಬೇಕು. ಬಹಳಷ್ಟು ಫೋನ್‌ಗಳು 80ಕ್ಕೇ ನಿಲ್ಲುತ್ತವೆ. ಇವೆಲ್ಲ ಕೊಂಡಿಯ ಗರಿಷ್ಠ ವೇಗಗಳು, ಕೈಗೆ ಸಿಗುವುದು ಹತ್ತಿರದಲ್ಲೂ ಇದರ ಅರ್ಧದಿಂದ ಮೂರನೆಯ ಎರಡು ಭಾಗ.

ಸಣ್ಣ ಅಕ್ಷರದಲ್ಲಿರುವ ಪೋರ್ಟ್ ವಿವರವೇ ನಿಜವಾದ ಪರೀಕ್ಷೆ. 10/100 ಎಂದಿದ್ದರೆ ವೈಫೈ 1200 ಎಂದು ಬರೆದಿದ್ದರೂ ಒಳಗೆ ಬರುವ ನೆಟ್ 100ನ್ನು ಮೀರುವುದಿಲ್ಲ. ಹಳ್ಳಕ್ಕೆ ಸಣ್ಣ ಕೊಳವೆ ಹಾಕಿ ದೊಡ್ಡ ತೊಟ್ಟಿ ಕಟ್ಟಿಸಿದಂತೆ. 10/100/1000 ಅಥವಾ ಗಿಗಾಬಿಟ್ ಎಂದಿರಬೇಕು, ವ್ಯಾನ್ ಪೋರ್ಟಿಗೂ ಲ್ಯಾನ್ ಪೋರ್ಟಿಗೂ. ಆನ್‌ಲೈನ್ ಮಾರಾಟ ಪುಟಗಳಲ್ಲಿ ಈ ಸಾಲು ತೀರ ಕೆಳಗಿರುತ್ತದೆ, ಕೆಲವೊಮ್ಮೆ ಇರುವುದೇ ಇಲ್ಲ. ಅದನ್ನು ಬರೆದಿಲ್ಲದ ರೂಟರನ್ನು ಬಿಟ್ಟು ಮುಂದೆ ಹೋಗುವುದು ಲೇಸು.

ಪೀಳಿಗೆಯ ವಿಚಾರದಲ್ಲಿ, 2.4 ಒಂದೇ ಇರುವ ಎನ್300 ಬಗೆಯದನ್ನು ಇಂದು ಯಾವ ಬೆಲೆಗೂ ಕೊಳ್ಳಬಾರದು. ವೈಫೈ 5 (ಎಸಿ ಎಂದು ಬರೆದದ್ದು) ಕೆಲಸಕ್ಕೆ ಸಾಕಾದರೂ ಹೊಸದಾಗಿ ಕೊಳ್ಳುವವರಿಗೆ ವೈಫೈ 6, ಅಂದರೆ 802.11ಎಎಕ್ಸ್, ಸರಿಯಾದ ನಿಲುಗಡೆ: 2.4 ಬ್ಯಾಂಡನ್ನೂ ಅದು ಸುಧಾರಿಸುತ್ತದೆ, ಒಟ್ಟಿಗೆ ಅನೇಕ ಸಾಧನಗಳು ಮಾತಾಡುವಾಗ ಸರದಿಯನ್ನು ಚೆನ್ನಾಗಿ ನಿಭಾಯಿಸುತ್ತದೆ. ವೈಫೈ 7ರ ಪ್ರಮಾಣೀಕರಣ 2024ರ ಜನವರಿಯಲ್ಲಿ ಆರಂಭವಾಯಿತು. ಅದನ್ನು ಬಲ್ಲ ಫೋನ್, ಲ್ಯಾಪ್‌ಟಾಪ್ ಮನೆಯಲ್ಲಿ ಇಲ್ಲದವರು ಅದಕ್ಕೆ ಹೆಚ್ಚಿನ ಹಣ ತೆರಬೇಕಿಲ್ಲ. ಡಬ್ಲ್ಯುಪಿಎ3 ಭದ್ರತೆ, ಆ್ಯಕ್ಸೆಸ್ ಪಾಯಿಂಟ್ ಮೋಡ್ (ವಿಳಾಸ ಹಂಚದೆ ವೈಫೈ ಮಾತ್ರ ಕೊಡುವ ಬಗೆ), ಮುಂದೆ ಇನ್ನೊಂದನ್ನು ಸೇರಿಸಬಲ್ಲ ಮೆಶ್ ಸೌಲಭ್ಯ ಇವು ಮೂರೂ ಇವೆಯೇ ಎಂದು ಖಚಿತಪಡಿಸಿಕೊಳ್ಳಿ. ವಿಲ್ಯಾನ್ ಸಂಖ್ಯೆ ಕೊಟ್ಟಿದ್ದರೆ ಅದನ್ನು ನಮೂದಿಸುವ ಸೌಲಭ್ಯ ಆ ಮಾದರಿಯಲ್ಲಿದೆಯೇ ಎಂಬುದನ್ನೂ.

ಅಮೆರಿಕದಿಂದ ಬರುವ ನೆಂಟರ ಕೈಯಲ್ಲಿ ರೂಟರ್ ತರಿಸುವುದು ಲಾಭದಂತೆ ಕಂಡರೂ ಅಷ್ಟು ಸುಲಭವಲ್ಲ. ಆ ಮಾದರಿಗಳು ಅಲ್ಲಿನ ಚಾನೆಲ್ ನಿಯಮಗಳಿಗೆ ಬೀಗ ಹಾಕಿಕೊಂಡಿರಬಹುದು, ಅಡಾಪ್ಟರ್ 240 ವೋಲ್ಟ್ ತಡೆಯುತ್ತದೆಯೇ ಎಂದು ನೋಡಬೇಕು, ಕೆಟ್ಟರೆ ಇಲ್ಲಿ ವಾರಂಟಿ ನಡೆಯುತ್ತದೆಂಬ ಭರವಸೆಯಿಲ್ಲ.

## ಹಂತ 7: ಜಾಗ, ಕೇಬಲ್, ಕರೆಂಟು

ಎದೆಯಿಂದ ತಲೆಯ ಎತ್ತರದ ತೆರೆದ ಕಪಾಟು ಅಥವಾ ಗೋಡೆ ಒಳ್ಳೆಯದು. ಟಿವಿಯ ಹಿಂಭಾಗ, ಬಾಗಿಲು ಮುಚ್ಚಿದ ಶೋಕೇಸ್, ಕಬ್ಬಿಣದ ಬೀರುವಿನ ತಲೆ, ಫ್ರಿಡ್ಜ್ ಪಕ್ಕ, ಕನ್ನಡಿ ಬಾಗಿಲಿನ ವಾರ್ಡ್‌ರೋಬ್ ಎದುರು, ಮೀನಿನ ತೊಟ್ಟಿಯ ಹಿಂದೆ, ಪಾತ್ರೆ ತುಂಬಿದ ಅಟ್ಟ ಇವೆಲ್ಲ ತಪ್ಪು ಜಾಗಗಳು. ಲೋಹವೂ ನೀರೂ ಸಂಕೇತವನ್ನು ತಡೆಯುತ್ತವೆ. ಫೈಬರ್ ಮನೆಯ ಮೂಲೆಗೇ ಬಂದಿದ್ದರೆ ಒಎನ್‌ಟಿಯನ್ನು ಅಲ್ಲೇ ಬಿಟ್ಟು, ಲ್ಯಾನ್ ಕೇಬಲ್ ಎಳೆದು ರೂಟರನ್ನು ನಡುಮನೆಗೆ ತನ್ನಿ. ಇದಕ್ಕೆ 100 ಮೀಟರ್‌ವರೆಗೆ ಅವಕಾಶವಿದೆ.

ಕರೆಂಟು ಹೋದಾಗ ನೆಟ್ ಉಳಿಯಬೇಕಾದರೆ ಒಎನ್‌ಟಿ, ರೂಟರ್ ಎರಡಕ್ಕೂ ಬ್ಯಾಕಪ್ ಬೇಕು. ಒಂದಕ್ಕೆ ಮಾತ್ರ ಕೊಡುವುದು ಸಾಮಾನ್ಯ ತಪ್ಪು. ಮಿನಿ ಯುಪಿಎಸ್ ಕೊಳ್ಳುವಾಗ ಅಡಾಪ್ಟರ್ ಮೇಲಿನ ವೋಲ್ಟ್ ತಪ್ಪದೆ ಹೊಂದಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು, ಪಿನ್ನಿನ ಧನ–ಋಣ ಗುರುತೂ ಒಂದೇ ಆಗಿರಬೇಕು. ಅದರ ಮೇಲೆ ಬರೆದ 10,000 ಎಂಎಎಚ್ ಎಂಬುದು ಸಾಮಾನ್ಯವಾಗಿ 3.7 ವೋಲ್ಟಿನ ಸೆಲ್ಲಿನ ಲೆಕ್ಕ, 12 ವೋಲ್ಟಿನದಲ್ಲ: ಸುಮಾರು 37 ವ್ಯಾಟ್-ಗಂಟೆ, 10 ವ್ಯಾಟ್ ಎಳೆಯುವ ರೂಟರಿಗೆ ಸುಮಾರು ಮೂರು ಗಂಟೆ, ಒಎನ್‌ಟಿಯನ್ನೂ ಅದಕ್ಕೇ ಸೇರಿಸಿದರೆ ಅದರ ಅರ್ಧ.

## ಹಂತ 8: ಜೋಡಣೆ ಮತ್ತು ಸೆಟ್ಟಿಂಗ್

ಇಲ್ಲಿ ಎರಡೇ ದಾರಿಗಳಿವೆ, ಎರಡನ್ನೂ ಬೆರೆಸಬಾರದು. ಒಎನ್‌ಟಿಯೇ ಪಿಪಿಪಿಒಇ ಲಾಗಿನ್ ಮಾಡಿ ವಿಳಾಸ ಹಂಚುತ್ತಿದ್ದರೆ ಹೊಸ ರೂಟರನ್ನು ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ, ಒಎನ್‌ಟಿಯ ವೈಫೈ ಆಫ್ ಮಾಡಿ. ಮಕ್ಕಳ ಬಳಕೆಯ ಸಮಯ ಮಿತಿಯಂಥ ಸೌಲಭ್ಯಗಳು ರೂಟರಿನಲ್ಲೇ ಬೇಕಾದರೆ ಒಎನ್‌ಟಿಯನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಸಿ, ಪಿಪಿಪಿಒಇ ಮತ್ತು ವಿಲ್ಯಾನ್ ವಿವರಗಳನ್ನು ರೂಟರಿಗೆ ಕೊಡಿ. ಎರಡೂ ಡಬ್ಬಿಗಳು ರೂಟರಾಗಿಯೇ ಉಳಿದು, ಎರಡರದೂ 192.168.1.1 ಎಂಬ ಒಂದೇ ವಿಳಾಸವಾದರೆ ನೆಟ್ ಬಂದು ಹೋಗುತ್ತದೆ, ಇಲ್ಲವೇ ಸೆಟ್ಟಿಂಗ್ ಪುಟವೇ ತಪ್ಪು ಡಬ್ಬಿಯದು ತೆರೆಯುತ್ತದೆ. ಮ್ಯಾಕ್ ವಿಳಾಸ ಕಟ್ಟಿದ್ದರೆ ಮ್ಯಾಕ್ ಕ್ಲೋನ್ ಆಯ್ಕೆಯಲ್ಲಿ ಹಳೆಯದನ್ನು ನಮೂದಿಸಿ, ಅಥವಾ ಹೊಸದನ್ನು ನೋಂದಾಯಿಸಲು ಹೇಳಿ.

ನಂತರ ಫರ್ಮ್‌ವೇರ್ (ರೂಟರಿನೊಳಗಿನ ತಂತ್ರಾಂಶ) ನವೀಕರಿಸಿ, ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಡಬ್ಲ್ಯುಪಿಎಸ್ (ಗುಂಡಿ ಒತ್ತಿ ಅಥವಾ ಪಿನ್ ಸಂಖ್ಯೆ ಕೊಟ್ಟು ವೈಫೈಗೆ ಸೇರಿಸುವ ಸೌಲಭ್ಯ) ಆಫ್ ಮಾಡಿ. ಭದ್ರತೆಗೆ ಡಬ್ಲ್ಯುಪಿಎ2–ಡಬ್ಲ್ಯುಪಿಎ3 ಮಿಶ್ರಿತ ಆಯ್ಕೆ ಸಾಕು. ಡಬ್ಲ್ಯುಪಿಎ3 ಒಂದನ್ನೇ ಹಾಕಿದರೆ ಹಳೆಯ ಪ್ರಿಂಟರ್ ಸೇರಿಕೊಳ್ಳುವುದಿಲ್ಲ. ಅಪಾರ್ಟ್‌ಮೆಂಟಿನಲ್ಲಿ 2.4ಕ್ಕೆ 20 ಮೆಗಾಹರ್ಟ್ಸ್ ಅಗಲ, 1, 6, 11ರಲ್ಲಿ ಖಾಲಿಯಿರುವ ಚಾನೆಲ್. 5ರಲ್ಲಿ 36ರಿಂದ 48 ಅಥವಾ 149ರಿಂದ 161. ನಡುವಿನ 52–144 ಚಾನೆಲ್‌ಗಳಲ್ಲಿ ರಾಡಾರ್ ಸುಳಿವು ಸಿಕ್ಕಿದರೆ ರೂಟರ್ ಜಾಗ ಬಿಟ್ಟು ಓಡಬೇಕಾಗುತ್ತದೆ, ಕೆಲವು ಟಿವಿಗಳಿಗೆ ಆ ಚಾನೆಲ್‌ಗಳು ಕಾಣಿಸುವುದೂ ಇಲ್ಲ. ಟಿವಿಯಲ್ಲಿ ಮನೆಯ ವೈಫೈ ಹೆಸರೇ ಬರುತ್ತಿಲ್ಲ ಎಂಬ ದೂರಿಗೆ ಮೊದಲು ನೋಡಬೇಕಾದದ್ದು ಇದನ್ನೇ. ಸ್ಮಾರ್ಟ್ ಬಲ್ಬು ಸೇರಿಕೊಳ್ಳದಿದ್ದರೆ ಎರಡು ಬ್ಯಾಂಡ್‌ಗಳ ಹೆಸರನ್ನು ತಾತ್ಕಾಲಿಕವಾಗಿ ಬೇರ್ಪಡಿಸಿ.

## ಹಂತ 9: ಹಿಂತಿರುಗಿಸುವ ಅವಧಿಯೊಳಗೆ ಮರುಪರೀಕ್ಷೆ

ಹಂತ 3ರ ನಕ್ಷೆಯನ್ನು ತೆಗೆದು ಅದೇ ಬಿಂದುಗಳಲ್ಲಿ, ಬಾಗಿಲುಗಳನ್ನು ಮುಚ್ಚಿ, ಮತ್ತೆ ಅಳೆಯಿರಿ. ದೂರದ ಕೋಣೆ ಇನ್ನೂ −75ರ ಆಚೆಗೇ ಇದ್ದರೆ ರೂಟರನ್ನು ಒಂದೆರಡು ಮೀಟರ್ ಸರಿಸಿ ನೋಡಿ. ಬದಲಾಗದಿದ್ದರೆ ಎರಡನೆಯ ಘಟಕ ಬೇಕು. ಮುಟ್ಟಲಾಗದಷ್ಟು ಬಿಸಿಯಾಗುವುದು, ತಾನಾಗಿಯೇ ಆರಿ ಹೊತ್ತಿಕೊಳ್ಳುವುದು, ಗಿಗಾಬಿಟ್ ಪೋರ್ಟಿನಲ್ಲೂ ಎಂಟು ತಂತಿಯ ಕೇಬಲ್ ಹಾಕಿದ ಮೇಲೆ 100ಕ್ಕೇ ನಿಲ್ಲುವುದು ಇವು ಆ ರೂಟರನ್ನೇ ಬದಲಿಸಿಕೊಳ್ಳಬೇಕಾದ ಲಕ್ಷಣಗಳು. ಅಂಗಡಿಯಾಗಲಿ ಆನ್‌ಲೈನಾಗಲಿ, ಕೊಳ್ಳುವಾಗ ಹಿಂತಿರುಗಿಸಲು ಎಷ್ಟು ದಿನವೆಂದು ಕೇಳಿ, ಬಿಲ್ಲನ್ನೂ ಡಬ್ಬವನ್ನೂ ಅಲ್ಲಿಯವರೆಗೆ ಇಟ್ಟುಕೊಳ್ಳಿ. ಹಿಂತಿರುಗಿಸುವ ಮೊದಲು ಹಿಂಬದಿಯ ರೀಸೆಟ್ ತೂತಿಗೆ ಪಿನ್ ಹಾಕಿ, ದೀಪಗಳೆಲ್ಲ ಒಮ್ಮೆ ಮಿನುಗುವವರೆಗೆ ಒತ್ತಿ ಹಿಡಿಯಬೇಕು. ಇಲ್ಲವಾದರೆ ನಿಮ್ಮ ಪಿಪಿಪಿಒಇ ಲಾಗಿನ್ನೂ ವೈಫೈ ಪಾಸ್‌ವರ್ಡೂ ಅದರೊಳಗೇ ಹೋಗುತ್ತವೆ.